ಕಾರ್ ಶೆಡ್ಡನ್ನು ರೂಮ್ ಮಾಡುವ ಮೊದಲು ಒಳಚರಂಡಿ ಪೈಪಿನ ಇಳಿಜಾರು ನೋಡಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಯಜಮಾನರ ಮಾರುತಿ 800 ಮಾರಿದ ಮೇಲೆ ಕಾರ್ ಶೆಡ್ಡಿನಲ್ಲಿ ಉಳಿದದ್ದು ಹಳೇ ಪೇಪರು, ತೆಂಗಿನಕಾಯಿ, ಇಲಿ. 10 ಅಡಿ ಅಗಲ, 18 ಅಡಿ ಉದ್ದ. ಈಗ ಅಲ್ಲಿ ಒಬ್ಬ ಹುಡುಗ ಬಾಡಿಗೆಗೆ ಇದ್ದಾನೆ.

ಮೊದಲು ಮನೆಯ ಮಂಜೂರಾದ ನಕ್ಷೆ ತೆಗೆಯಿರಿ. ಆ ಜಾಗ ಪಾರ್ಕಿಂಗ್ ಅಂತಿದ್ದರೆ ಪಾಲಿಕೆಯಲ್ಲಿ ಕೇಳದೆ ಗೋಡೆ ಎಬ್ಬಿಸಬೇಡಿ. 'ಎಲ್ಲರೂ ಮಾಡಿದ್ದಾರೆ' ಅನ್ನೋ ಮಾತು ನೋಟಿಸ್ ಬಂದ ದಿನ ಕೆಲಸಕ್ಕೆ ಬರಲ್ಲ.

ಆಮೇಲೆ ಬಾತ್‌ರೂಮ್. ಟೈಲ್ಸು, ಬಣ್ಣ ಎಲ್ಲ ಆಮೇಲಿನ ಮಾತು. ಕಾರು ಹತ್ತಲಿ ಅಂತ ಶೆಡ್ಡಿನ ನೆಲವನ್ನು ಮನೆಗಿಂತ ತಗ್ಗಿಗೇ ಹಾಕಿರುತ್ತಾರೆ. ಒಳಚರಂಡಿ ಚೇಂಬರ್ ಇರುವುದು ಗೇಟಿನ ಹತ್ತಿರ. ನಮ್ಮ ಮೇಸ್ತ್ರಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಒಂದು ತುದಿ ಚೇಂಬರ್ ಮೇಲೆ, ಇನ್ನೊಂದು ತುದಿ ಶೆಡ್ಡಿನ ಹಿಂದಿನ ಮೂಲೆಯಲ್ಲಿ ಹಿಡಿದು ಮಟ್ಟ ನೋಡಿದ. "ಅಮ್ಮಾವ್ರೇ, ನೀರು ಹತ್ತಲ್ಲ, ಇಳಿಯತ್ತೆ ಅಷ್ಟೇ" ಅಂದ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಬೇಕು. ನಮ್ಮದು 24 ಅಡಿ ದೂರ, ಅಂದರೆ ಸುಮಾರು 7 ಇಂಚು. ಅಷ್ಟು ಸಿಗಲಿಲ್ಲ. ಹಾಗಾಗಿ ನೆಲವನ್ನೇ 9 ಇಂಚು ಎತ್ತರಿಸಿದೆವು. ಸೂರು 9 ಅಡಿ 9 ಇಂಚು ಇತ್ತು, ಸರಿಯಾಗಿ 9 ಅಡಿ ಉಳಿಯಿತು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವುದು 2.75 ಮೀಟರ್ ಎತ್ತರ, ಅಂದರೆ ಹೆಚ್ಚುಕಮ್ಮಿ ಅಷ್ಟೇ. ನಿಮ್ಮ ಶೆಡ್ಡಿನ ಸೂರು ಇನ್ನೂ ತಗ್ಗಿದ್ದರೆ ಬಾತ್‌ರೂಮನ್ನು ಚೇಂಬರ್ ಕಡೆಗೇ ತನ್ನಿ.

ಇಲ್ಲೇ ನಾನು ತಪ್ಪು ಮಾಡಿದ್ದು. ಮಣ್ಣು ತುಂಬಿ, ನೀರು ಬಿಟ್ಟು, ದಮ್ಮಸು ಹೊಡೆಸಿದೆ. ಆದರೆ ಆ ಮಣ್ಣು ತಾಗುವ ಗೋಡೆಗೆ ಮೊದಲೇ ವಾಟರ್‌ಪ್ರೂಫ್ ಪ್ಲಾಸ್ಟರ್ ಮಾಡಿಸಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಬೆರಳಿಟ್ಟರೆ ಪುಡಿಪುಡಿ. ಮತ್ತೆ ಕೆತ್ತಿಸಿ ಮಾಡಿಸಿದ ಖರ್ಚು ಸುಮ್ನೆ ದಂಡ.

ಮುಂದಿನ 11 ಅಡಿ ರೂಮು. ಹಿಂದಿನ ಆರೂವರೆ ಅಡಿಯಲ್ಲಿ 4 ಇಂಚಿನ ಗೋಡೆ ಅಡ್ಡ ಹಾಕಿ, ಒಂದು ಕಡೆ ಬಾತ್‌ರೂಮ್, ಇನ್ನೊಂದು ಕಡೆ ಪುಟ್ಟ ಅಡುಗೆ ಕಟ್ಟೆ. ಬಾತ್‌ರೂಮ್ ನೆಲ ರೂಮಿಗಿಂತ ಒಂದಿಂಚು ತಗ್ಗಿರಲಿ. ಮೇಸ್ತ್ರಿ ಹೋಗುವ ಮೊದಲು ಒಂದು ಬಕೆಟ್ ನೀರು ಸುರಿದು, ಎಲ್ಲಿ ನಿಲ್ಲುತ್ತೆ ಅಂತ ಅವನ ಎದುರಿಗೇ ನೋಡಿ. ಶಟರ್ ಕಿತ್ತು ಬಾಗಿಲು, ಕಿಟಕಿ ಇಡಿಸಿ. ಹಿಂದಿನ ಗೋಡೆಗೂ ಒಂದು ಕಿಟಕಿ ಬೇಕೇ ಬೇಕು, ಇಲ್ಲದಿದ್ದರೆ ಗಾಳಿ ಆಡಲ್ಲ.

ಕರೆಂಟಿಗೆ ಬೇರೆ ಮೀಟರ್ ತೆಗೆದುಕೊಳ್ಳಿ. ಸಬ್ ಮೀಟರ್ ಆದರೆ ತಿಂಗಳಿಗೊಂದು ಸಲ ಲೆಕ್ಕ, ಮುಖ ಸಪ್ಪಗೆ. ಬೇರೆ ಮೀಟರ್ ಇದ್ದರೆ ಬಾಡಿಗೆಯವರೇ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಗೀಸರ್ ಇಡುವುದಾದರೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಅದರಲ್ಲಿ ಜುಗ್ಗತನ ಬೇಡ.

ಕರಾರು 11 ತಿಂಗಳಿಗೆ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಬಾಡಿಗೆಯವರ ಗಾಡಿ ಎಲ್ಲಿ ನಿಲ್ಲಬೇಕು ಅಂತಲೂ ಅದರಲ್ಲೇ ಬರೆಸಿ. ಶೆಡ್ಡೇ ಇಲ್ಲವಲ್ಲ! ನಾನು ಮರೆತೆ. ಈಗ ಅವನ ಸ್ಕೂಟರ್ ತುಳಸಿಕಟ್ಟೆಗೆ ಒರಗಿಕೊಂಡು ನಿಲ್ಲುತ್ತೆ. ಬೆಳಗ್ಗೆ ನೀರು ಹಾಕಲು ನಾನು ಅದನ್ನೂ ಸೇರಿಸಿ ಪ್ರದಕ್ಷಿಣೆ ಹಾಕುತ್ತೇನೆ.