‘ಅಜೇಸೆಂಟ್’ ಅಂದರೆ ಎಷ್ಟು ಪಕ್ಕ? ಪದವನ್ನು ಸರಿಯಾಗಿ ಬಳಸುವುದು ಹೀಗೆ

ಬಾಡಿಗೆ ಮನೆಯ ಜಾಹೀರಾತು, ಹೋಟೆಲ್ ಬುಕಿಂಗ್, ಸೈಟಿನ ಕಾಗದಪತ್ರ, ಮಕ್ಕಳ ಗಣಿತ ಪುಸ್ತಕ. ಎಲ್ಲ ಕಡೆ ಕಣ್ಣಿಗೆ ಬೀಳುವ ಇಂಗ್ಲಿಷ್ ಪದ ಅಜೇಸೆಂಟ್ (adjacent). ‘ಪಕ್ಕದ’ ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತೇವೆ. ಆದರೆ ಪಕ್ಕ ಅಂದರೆ ಅಂಟಿಕೊಂಡೇ ಇರಬೇಕಾ, ಹತ್ತಿರ ಇದ್ದರೆ ಸಾಕಾ? ದುಡ್ಡು, ಜಾಗದ ವಿಷಯ ಬಂದಾಗ ಇದು ಸಣ್ಣ ಪ್ರಶ್ನೆಯಲ್ಲ.

ಮೊದಲು ಉಚ್ಚಾರಣೆ. ಸ್ಪೆಲಿಂಗ್‌ನಲ್ಲಿ ಎ ಆದಮೇಲೆ ಡಿ ಇದೆ ಎಂದು ‘ಅಡ್‌ಜಸೆಂಟ್’ ಎನ್ನುವವರಿದ್ದಾರೆ. ಅಲ್ಲಿ ಡಿ ಬೇರೆಯಾಗಿ ಕೇಳಿಸುವುದಿಲ್ಲ. ‘ಅಜೇಸೆಂಟ್’ ಎನ್ನಿ, ಒತ್ತು ‘ಜೇ’ ಮೇಲೆ ಇರಲಿ.

ಈಗ ಅರ್ಥ. ಲ್ಯಾಟಿನ್ ಮೂಲದಲ್ಲಿ ಇದಕ್ಕೆ ‘ಹತ್ತಿರ ಬಿದ್ದುಕೊಂಡಿರುವ’ ಎಂಬ ಭಾವವಿದೆ. ತಾಗಿಕೊಂಡಿರಲೇಬೇಕು ಎಂದೇನಿಲ್ಲ. ನಡುವೆ ಅದೇ ಥರದ ಇನ್ನೊಂದು ವಸ್ತು ಇರಬಾರದು, ಅಷ್ಟೇ. ಬೆಂಗಳೂರಿನಲ್ಲಿ ವಿಧಾನಸೌಧದ ಪಕ್ಕದಲ್ಲೇ ವಿಕಾಸಸೌಧ ಇದೆಯಲ್ವಾ? ಅದು ವಿಧಾನಸೌಧಕ್ಕೆ ಅಜೇಸೆಂಟ್. ರಸ್ತೆಯಾಚೆ ಮುಖಕ್ಕೆ ಮುಖ ಕೊಟ್ಟು ನಿಂತಿರುವ ಹೈಕೋರ್ಟ್‌ಗೆ ‘ಆಪೋಸಿಟ್’ ಎನ್ನುವುದೇ ಸರಿ.

ವಾಕ್ಯದಲ್ಲಿ ಎರಡು ಕಡೆ ಇಡಬಹುದು. ನಾಮಪದಕ್ಕಿಂತ ಮೊದಲು ಇಟ್ಟರೆ ‘ದಿ ಅಜೇಸೆಂಟ್ ಬಿಲ್ಡಿಂಗ್’, ಅಂದರೆ ಪಕ್ಕದ ಕಟ್ಟಡ. ಯಾವುದರ ಪಕ್ಕ ಎಂದು ಹೇಳಬೇಕಾದರೆ ‘ಟು’ ಸೇರಿಸಬೇಕು: ‘ದಿ ಪಾರ್ಕ್ ಈಸ್ ಅಜೇಸೆಂಟ್ ಟು ದಿ ಸ್ಕೂಲ್’. ಇಲ್ಲಿ ‘ಆಫ್’ ಅಥವಾ ‘ವಿತ್’ ಹಾಕಿದರೆ ತಪ್ಪು. ಕನ್ನಡದಲ್ಲಿ ‘ಶಾಲೆಯ ಪಕ್ಕ’ ಎನ್ನುತ್ತೇವಲ್ಲ, ಆ ‘ಯ’ ಮನಸ್ಸಿನಲ್ಲಿರುವುದರಿಂದಲೇ ‘ಆಫ್’ ತಾನಾಗಿ ಬಂದುಬಿಡುತ್ತದೆ.

ಜಾಸ್ತಿ ಗೊಂದಲ ಆಗುವುದು ‘ಅಡ್ಜಾಯ್ನಿಂಗ್’ ಎಂಬ ಪದದಿಂದ. ಅದರಲ್ಲಿ ‘ಜಾಯಿನ್’ ಇದೆ, ಅಂದರೆ ತಾಗಿಕೊಂಡಿರುವುದು. ಮಕ್ಕಳೊಂದಿಗೆ ಎರಡು ರೂಮ್ ಬುಕ್ ಮಾಡುವವರು ಇದನ್ನು ಗಮನಿಸಲೇಬೇಕು. ಹೋಟೆಲ್‌ನವರ ಮಾತಿನಲ್ಲಿ ಅಜೇಸೆಂಟ್ ರೂಮ್ ಎಂದರೆ ಹತ್ತಿರದ್ದು, ಕಾರಿಡಾರ್‌ನ ಆ ಬದಿಯದ್ದೂ ಆಗಬಹುದು. ಅಡ್ಜಾಯ್ನಿಂಗ್ ಎಂದರೆ ಸಾಮಾನ್ಯವಾಗಿ ಗೋಡೆಗೆ ಗೋಡೆ ಸೇರಿದ ರೂಮ್. ಒಳಗಿನಿಂದಲೇ ಓಡಾಡಲು ಬಾಗಿಲು ಬೇಕಿದ್ದರೆ ‘ಕನೆಕ್ಟಿಂಗ್’ ಎಂದೇ ಕೇಳಿ. ಬುಕ್ ಮಾಡುವಾಗ ‘ನಡುವೆ ಬಾಗಿಲು ಇದೆಯಾ?’ ಎಂದು ಒಂದು ಮಾತು ಕೇಳಿಬಿಡುವುದು ಇನ್ನೂ ಒಳ್ಳೆಯದು.

ಗಣಿತದಲ್ಲಿ ಈ ಸಡಿಲಿಕೆ ಇಲ್ಲ. ಪಾರ್ಶ್ವಕೋನಗಳಿಗೆ, ಅಂದರೆ ಅಜೇಸೆಂಟ್ ಕೋನಗಳಿಗೆ, ಒಂದೇ ಶೃಂಗ ಇರಬೇಕು, ಒಂದು ಬಾಹು ಎರಡಕ್ಕೂ ಸೇರಿರಬೇಕು, ಕೋನಗಳು ಒಂದರ ಮೇಲೊಂದು ಬರಬಾರದು. ಹತ್ತಿರ ಇದ್ದರೆ ಸಾಲದು. ಲಂಬಕೋನ ತ್ರಿಭುಜದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಾವು ಆರಿಸಿಕೊಂಡ ಲಘುಕೋನಕ್ಕೆ ವಿಕರ್ಣವೂ (ಲಂಬಕೋನದ ಎದುರಿನ ಬಾಹು) ತಾಗಿರುತ್ತದೆ, ಆದರೂ ಅದನ್ನು ಅಜೇಸೆಂಟ್ ಬಾಹು ಎನ್ನುವುದಿಲ್ಲ. ಉಳಿದ ಎರಡರಲ್ಲಿ ಕೋನಕ್ಕೆ ತಾಗಿರುವುದು ಯಾವುದೋ ಅದೇ ಪಾರ್ಶ್ವಬಾಹು. ಕೋನ ಬದಲಾದರೆ ಬಾಹುವೂ ಬದಲು. ತ್ರಿಕೋನಮಿತಿಯ ಕಾಸ್ (cos) ಲೆಕ್ಕದಲ್ಲಿ ಮಕ್ಕಳು ಎಡವುವುದು ಇಲ್ಲೇ.

ಇತ್ತೀಚೆಗೆ ಹೈಫನ್ ಹಾಕಿ ‘ಟೆಕ್-ಅಜೇಸೆಂಟ್’ ಎಂದೆಲ್ಲ ಬರೆಯುತ್ತಾರೆ. ನೇರವಾಗಿ ಟೆಕ್ ಕೆಲಸವಲ್ಲ, ಆದರೆ ಅದಕ್ಕೆ ಸಂಬಂಧಪಟ್ಟದ್ದು ಎಂಬ ಅರ್ಥ. ಮಾತಿಗೆ, ಹಗುರ ಬರಹಕ್ಕೆ ಸರಿ. ಅರ್ಜಿಯಲ್ಲಿ ಬೇಡ.

ಕೊನೆಯದಾಗಿ ಸೈಟಿನ ಪತ್ರ. ಚೆಕ್ಕುಬಂದಿ ಬರೆಯುವ ಕಡೆ ಅಜೇಸೆಂಟ್ ಒಂದನ್ನೇ ನಂಬಬೇಡಿ. ‘ಬೌಂಡೆಡ್ ಆನ್ ದಿ ಈಸ್ಟ್ ಬೈ’ ಎಂದು ದಿಕ್ಕು ಹಿಡಿದು, ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ನಾಲ್ಕೂ ಕಡೆ ಬರೆಸಿ. ಅಳತೆಯನ್ನೂ ಜೊತೆಗೆ ಹಾಕಿಸಿ.