ಪಂಚಾಯ್ತಿಗೆ ಹೊಸದಾಗಿ ಆಯ್ಕೆಯಾದವರು ಕೊಟ್ಟ ಮಾತನ್ನು ಠರಾವಿಗೆ ತರುವ ಬಗೆ

ಪ್ರಚಾರದ ವೇಳೆ ಆಡಿದ ಮಾತುಗಳನ್ನೆಲ್ಲ ಮೊದಲು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಎದುರು ಅದಕ್ಕೆ ಕೊನೆಯ ಸಹಿ ಹಾಕುವವರು ಯಾರು ಎಂದು ಗುರುತಿಸಿಕೊಳ್ಳಿ. ಚರಂಡಿ, ಬೀದಿದೀಪಗಳು ಪಂಚಾಯ್ತಿಯವು. ಬಸ್ಸು ವಾಯವ್ಯ ಸಾರಿಗೆಯದು, ಕರೆಂಟು ಹೆಸ್ಕಾಂನದು. ಮಹದಾಯಿ ನದಿಯ ನೀರಿಗಾಗಿ ವರ್ಷಗಟ್ಟಲೆ ಕಾದ ನರಗುಂದ, ನವಲಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆಗೆ 3.9 ಟಿಎಂಸಿ ಅಡಿ ನೀರು ತಿರುಗಿಸಲು ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲೇ ಒಪ್ಪಿತು, 2020ರ ಫೆಬ್ರುವರಿಯಲ್ಲಿ ತೀರ್ಪಿನ ಅಧಿಸೂಚನೆಯೂ ಹೊರಬಿತ್ತು. ಆದರೆ ಬೆಂಗಳೂರಿನಲ್ಲಿ ಆಳುವ ಪಕ್ಷ ಬದಲಾದರೂ ಕಡತ ಅರಣ್ಯ ಮತ್ತು ವನ್ಯಜೀವಿ ಅನುಮತಿಗಾಗಿ ಕಾಯುತ್ತಲೇ ಉಳಿಯಿತು. ನೀರು ತರುತ್ತೇವೆಂದವರೆಲ್ಲ ಸುಳ್ಳುಗಾರರೆಂದು ನಾನು ಹೇಳಲಾರೆ, ಕೊನೆಯ ಸಹಿ ಅವರ ಕೈಯಲ್ಲಿರಲಿಲ್ಲ.

ಅಧಿಕಾರ ಪಂಚಾಯ್ತಿಯದೇ ಆಗಿದ್ದರೆ ಮುಂದಿನ ಪ್ರಶ್ನೆ ದುಡ್ಡಿನದು. ಊರಿಗೊಂದು ವಾಚನಾಲಯ ಮಾಡಿಸುತ್ತೇನೆಂದು ಗೆದ್ದಿದ್ದೀರಿ ಎನ್ನೋಣ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಲಾಗಿತ್ತು. ಉಳಿದ ಶೇ 40ರ ಮೇಲೆ ಎಲ್ಲ ವಾರ್ಡುಗಳ ಕಣ್ಣು. ಆದ್ದರಿಂದ ಇಂಥ ಕೆಲಸಕ್ಕೆ ಪಂಚಾಯ್ತಿಯ ಸ್ವಂತ ವರಮಾನವನ್ನೇ ನೆಚ್ಚಬೇಕಾಗುತ್ತದೆ, ಅಂದರೆ ಮತ ಹಾಕಿದವರ ಬಾಗಿಲಿಗೇ ಹೋಗಿ ಮನೆ ತೆರಿಗೆಯ ಬಾಕಿ ಕೇಳಬೇಕಾಗುತ್ತದೆ. ವಸೂಲಿಗೆ ಹೊರಡುವ ಮುನ್ನ ನಿಮ್ಮ ಮನೆಯ ಬಾಕಿ ಕಟ್ಟಿ, ರಸೀದಿ ಜೇಬಿನಲ್ಲಿಟ್ಟುಕೊಳ್ಳಿ.

ಎಲ್ಲಕ್ಕಿಂತ ಕಠಿಣವಾದದ್ದು ಜೊತೆಯ ಸದಸ್ಯರನ್ನು ಒಪ್ಪಿಸುವುದು. ಬಂದ ಹಣವನ್ನು ವಾರ್ಡುಗಳಿಗೆ ಸಮಪಾಲು ಮಾಡಿಕೊಳ್ಳುವ ರೂಢಿ ಬಹಳ ಕಡೆ ಇದೆ. ಜಗಳ ತಪ್ಪುತ್ತದೆ, ಆದರೆ ಪ್ರತಿ ವಾರ್ಡಿಗೂ ನಾಲ್ಕು ಮಾರು ಗಟಾರವಷ್ಟೇ ಸಿಕ್ಕುತ್ತದೆ. ಈ ರೂಢಿಯನ್ನು ಭಾಷಣದಿಂದ ಮುರಿಯಲು ಹೋಗಬೇಡಿ. ಈ ವರ್ಷ ನಿಮ್ಮ ಪಾಲನ್ನು ಪಕ್ಕದ ವಾರ್ಡಿನ ಚರಂಡಿಗೆ ಬಿಟ್ಟುಕೊಟ್ಟು, ಮುಂದಿನ ವರ್ಷ ಅವರ ಪಾಲು ವಾಚನಾಲಯಕ್ಕೆ ಎಂಬ ಒಪ್ಪಂದವನ್ನು ಸಾಮಾನ್ಯ ಸಭೆಯ ಠರಾವಿನಲ್ಲಿಯೇ ಬರೆಸಿಕೊಳ್ಳಿ. ಹೊಸ ಕಟ್ಟಡದ ಆಸೆಯನ್ನು ಬಿಟ್ಟು ಖಾಲಿ ಬಿದ್ದ ಶಾಲೆಯ ಕೋಣೆಗೆ ಒಪ್ಪಿಕೊಳ್ಳಬಹುದು. ಸಂಜೆ ಬಾಗಿಲು ತೆರೆದಿರಬೇಕೆಂಬುದನ್ನು ಮಾತ್ರ ಬಿಡಬೇಡಿ, ದುಡಿದು ಬರುವ ಹುಡುಗರಿಗೆ ಬಿಡುವಿರುವುದು ಆಗಲೇ.

“ನಿಯಮದಾಗ ಬರೂದಿಲ್ರಿ” ಎಂದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅಂದಾಗ ಸಿಟ್ಟಾಗದೆ, “ಯಾವ ಸುತ್ತೋಲೆರಿ, ನಂಬರ್ ಬರದು ಕೊಡ್ರಿ” ಎಂದು ಕೇಳಿ. ಎಷ್ಟೋ ಸಲ ಅಂಥ ಸುತ್ತೋಲೆಯೇ ಇರುವುದಿಲ್ಲ. ಇದ್ದರೆ ಓದಿ ನೋಡಿ, ಏಕೆಂದರೆ ಕೆಲಸ ತಡೆಯುವ ನಿಯಮಗಳಲ್ಲಿ ಒಳ್ಳೆಯವೂ ಇವೆ: ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯ ಟೆಂಡರ್ ಕ್ರಮದಿಂದ ನಿಮಗೆ ತಡವಾಗುವಂತೆಯೇ, ಅಧ್ಯಕ್ಷರ ಅಳಿಯನಿಗೆ ನೇರವಾಗಿ ಗುತ್ತಿಗೆ ಸಿಗುವುದೂ ತಪ್ಪುತ್ತದೆ.

ಪಂಚಾಯ್ತಿಯ ಕ್ರಿಯಾ ಯೋಜನೆಯಲ್ಲಿ ನಿಮ್ಮ ಕೆಲಸದ ಹೆಸರು ಸೇರಿದೆಯೇ, ಅಂದಾಜು ಪತ್ರಿಕೆಗೆ ತಾಂತ್ರಿಕ ಮಂಜೂರಾತಿ ಸಿಕ್ಕಿದೆಯೇ ಎಂದು ವಿಚಾರಿಸುತ್ತಲೇ ಇರಿ. ನಡಾವಳಿ ಪುಸ್ತಕದಲ್ಲಿ ಖಾಲಿ ಸಾಲುಗಳಿದ್ದರೆ ಸಹಿ ಮಾಡಬೇಡಿ. ಠರಾವಿನ ದೃಢೀಕೃತ ನಕಲನ್ನು ಸಭೆಯಾದ ವಾರದೊಳಗೇ ಅರ್ಜಿ ಕೊಟ್ಟು ಕೇಳಿ.