ರಸ್ತೆ ಟೈರಿನಲ್ಲೇ ಡ್ರ್ಯಾಗ್ ಓಟ: ಗಾಳಿ ಎಷ್ಟಿರಬೇಕು?

ಹೊಸೂರಿನಿಂದ ಚೆನ್ನೈ ಸಮೀಪದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೆ ಡ್ರ್ಯಾಗ್ ಓಟಕ್ಕೆ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ 402 ಮೀಟರು (ಕಾಲು ಮೈಲಿ) ಓಡುವ ಸ್ಪರ್ಧೆಗೆ, ಮೊದಲ ಬಾರಿ ಕಾರು ಒಯ್ಯುವ ತರುಣರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಅಣ್ಣಾ, ಮುಂದಿನ ಟೈರಿಗೆ ಎಷ್ಟು ಗಾಳಿ ಇಡಲಿ?” ದಿನನಿತ್ಯ ಓಡಿಸುವ ಕಾರಿನ ದಿನನಿತ್ಯದ ಟೈರಿಗೆ ಹೊರಗಿನವರು ಒಂದು ಅಂಕಿಯನ್ನು ಹೇಳಿಬಿಡುವುದು ಸರಿಯಲ್ಲ, ಆ ಅಂಕಿಯನ್ನು ಕಂಡುಕೊಳ್ಳುವ ಕ್ರಮವನ್ನು ಮಾತ್ರ ಖಂಡಿತವಾಗಿ ಹೇಳಬಹುದು. ಇಲ್ಲಿ ಬರೆದಿರುವುದೆಲ್ಲ ಟ್ರ್ಯಾಕಿಗೆ ಸಂಬಂಧಿಸಿದ್ದು. ಶೂಲಗಿರಿಯ ಕಡೆ ಹೆದ್ದಾರಿ ಖಾಲಿಯಿದೆಯೆಂದು ಅಲ್ಲಿ ಪ್ರಯೋಗಕ್ಕಿಳಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅದು ಅಪರಾಧ, ಎದುರಿಗೆ ಬರುವವರ ಜೀವಕ್ಕೂ ಅಪಾಯ.

ಮೊದಲು ಗಾಳಿಯ ಒತ್ತಡವನ್ನು ಪಿಎಸ್‌ಐ ಎಂಬ ಅಳತೆಯಲ್ಲಿ ತೋರಿಸುವ ಸ್ವಂತದ್ದೊಂದು ಗೇಜು ಕೊಳ್ಳಿ. ಒಮ್ಮೆ ನಾನು ಒಂದು ಪಂಕ್ಚರ್ ಅಂಗಡಿಯಲ್ಲಿ 30 ಪಿಎಸ್‌ಐ ಹಾಕಿಸಿಕೊಂಡು, ಅರ್ಧ ಕಿಲೋಮೀಟರು ದಾಟಿ ಇನ್ನೊಂದು ಅಂಗಡಿಯಲ್ಲಿ ನೋಡಿಸಿದಾಗ ಅದೇ ಟೈರು 27 ತೋರಿಸಿತು. ಎರಡರಲ್ಲಿ ಯಾವುದು ಸರಿಯೆಂಬುದು ಇಂದಿಗೂ ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಎರಡೆರಡು ಪಿಎಸ್‌ಐ ಇಳಿಸುತ್ತ ವ್ಯತ್ಯಾಸವನ್ನು ಹುಡುಕುವ ಕೆಲಸದಲ್ಲಿ ಪ್ರತಿ ಸಲವೂ ಒಂದೇ ಗೇಜಿನಿಂದ ಅಳೆಯುವುದೇ ಮುಖ್ಯ.

ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯ ಅಂಕಿಯಿಂದ ಆರಂಭಿಸಿ. ಸಾಮಾನ್ಯ ಹ್ಯಾಚ್‌ಬ್ಯಾಕುಗಳಲ್ಲಿ ಅದು 30ರಿಂದ 33ರ ಆಸುಪಾಸಿನಲ್ಲಿರುತ್ತದೆ. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿ ಶಿಫಾರಸಲ್ಲ, ಮೀರಬಾರದ ಮಿತಿ. ಇವೆರಡನ್ನು ಅದಲುಬದಲು ಮಾಡಿಕೊಂಡು ನಲವತ್ತನಾಲ್ಕು ಹಾಕಿಸಿ ಬಂದವರನ್ನು ನಾನೇ ಕಂಡಿದ್ದೇನೆ.

ಇನ್ನು ಗಾಳಿಯನ್ನು ಇಳಿಸುವುದೇಕೆ ಎಂಬ ವಿಚಾರ. ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಎಳೆಯುವ ಶಕ್ತಿ ಮುಂದಿನ ಚಕ್ರಗಳಲ್ಲಿದೆ. ಕಾರು ಜಿಗಿದು ಹೊರಟ ಕ್ಷಣದಲ್ಲಿ ಭಾರವೆಲ್ಲ ಹಿಂದಕ್ಕೆ ವಾಲುವುದರಿಂದ, ಹಿಡಿತ ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಮುಂದಿನ ಟೈರುಗಳು ಹಗುರಾಗುತ್ತವೆ. ಗಾಳಿ ಕಡಿಮೆಯಾದಾಗ ಟೈರು ನೆಲವನ್ನು ಮುಟ್ಟುವ ಜಾಗ ಉದ್ದವಾಗಿ, ಹಿಡಿತ ಹೆಚ್ಚುತ್ತದೆ. ಆದರೆ ಇದಕ್ಕೊಂದು ಎಲ್ಲೆಯಿದೆ. ರೇಡಿಯಲ್ ಟೈರಿನ ಗಾಳಿಯನ್ನು ಅತಿಯಾಗಿ ಇಳಿಸಿದರೆ ಭಾರವೆಲ್ಲ ಎರಡು ಅಂಚುಗಳ ಮೇಲೆ ಕುಳಿತು ನಡುಭಾಗ ಒಳಕ್ಕೆ ಬಾಗುತ್ತದೆ. ಆಗ ಗಾಳಿ ಇಳಿಸಿದಷ್ಟೂ ಹಿಡಿತ ಕಡಿಮೆಯಾಗುತ್ತದೆ. ಇದನ್ನು ಕಣ್ಣಾರೆ ನೋಡಲು ಒಂದು ಚಾಕ್‌ಪೀಸ್ ಸಾಕು. ಟೈರಿನ ಹಲ್ಲುಗಳ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪನೆಯ ಗೆರೆಯೆಳೆದು, ಸಮತಟ್ಟಾದ ಒಣ ನೆಲದಲ್ಲಿ ಸ್ಟೇರಿಂಗ್ ತಿರುಗಿಸದೆ ಕಾರನ್ನು ನಾಲ್ಕಾರು ಸುತ್ತು ಮುಂದಕ್ಕೆ ಉರುಳಿಸಿ. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು. ಅಂಚುಗಳಲ್ಲಿ ಅಳಿಸಿ ನಡುವೆ ಬೆಳ್ಳಗೆ ಉಳಿದಿದ್ದರೆ ಕಡಿಮೆ. ಅಗಲಕ್ಕೂ ಒಂದೇ ಸಮನಾಗಿ ಅಳಿಸಿದ್ದರೆ ನೀವು ಹುಡುಕುವ ಅಂಕಿ ಹತ್ತಿರದಲ್ಲೇ ಇದೆ.

ಉಳಿದದ್ದನ್ನು ಟ್ರ್ಯಾಕಿನಲ್ಲಿ ಪ್ರತಿ ಓಟದ ಬಳಿಕ ಕೈಗೆ ಸಿಗುವ ಸಮಯದ ಚೀಟಿ ಹೇಳುತ್ತದೆ. ಮೊದಲ ಓಟವನ್ನು ಬಾಗಿಲ ಚೀಟಿಯ ಅಂಕಿಯಲ್ಲೇ ಓಡಿ, ಮುಂದಿನ ಎರಡೂ ಟೈರುಗಳಲ್ಲಿ ಸಮಸಮನಾಗಿ ಎರಡು ಪಿಎಸ್‌ಐ ಇಳಿಸಿ ಮತ್ತೆ ಓಡಿ. ಮೊದಲ 60 ಅಡಿಯ ಸಮಯ ಸುಧಾರಿಸುತ್ತಿರುವವರೆಗೆ ಹೀಗೆಯೇ ಮುಂದುವರಿದು, ಸುಧಾರಣೆ ನಿಂತ ಕೂಡಲೇ ಹಿಂದಿನ ಅಂಕಿಗೆ ಮರಳಿ. 402 ಮೀಟರಿನ ಒಟ್ಟು ಸಮಯವನ್ನೂ ಜೊತೆಗೆ ಗಮನಿಸಬೇಕು, ಏಕೆಂದರೆ ಮೆತ್ತಗಿನ ಟೈರು ಆರಂಭದಲ್ಲಿ ಗಳಿಸಿದ್ದನ್ನು ಉರುಳುವ ಪ್ರತಿರೋಧದಿಂದಾಗಿ ಕೊನೆಯಲ್ಲಿ ಕಳೆಯಬಲ್ಲದು. ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ. ಕ್ಲಚ್ ಬಿಡುವ ಆರ್‌ಪಿಎಂ ಅನ್ನೂ ಅದೇ ಓಟದಲ್ಲಿ ಬದಲಿಸಿದರೆ ಚೀಟಿಯಿಂದ ಏನೂ ತಿಳಿಯುವುದಿಲ್ಲ. ರಸ್ತೆ ಟೈರಿನಲ್ಲಿ 22ಕ್ಕಿಂತ ಕೆಳಗಿಳಿಯುವುದನ್ನು ನಾನು ಒಪ್ಪುವುದಿಲ್ಲ. ಪಕ್ಕದ ಗೋಡೆ ಮಡಚಿಕೊಂಡು ಟೈರಿನ ಅಂಚು ರಿಮ್ಮಿನಿಂದ ಸರಿಯಬಹುದು; ಅದಕ್ಕೂ ಮೊದಲೇ ಕೊನೆಯ ನೂರು ಮೀಟರಿನಲ್ಲಿ ಕಾರು ಅತ್ತಿತ್ತ ತೊನೆದರೆ, ಚೀಟಿ ಎಷ್ಟೇ ಚೆನ್ನಾಗಿದ್ದರೂ ಗಾಳಿಯನ್ನು ಏರಿಸಲೇಬೇಕು.

ನಮ್ಮ ಊರಿನವರು ಇನ್ನೊಂದು ಲೆಕ್ಕವನ್ನು ಮರೆಯುವಂತಿಲ್ಲ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ, ಟ್ರ್ಯಾಕು ಇರುವುದು ಕರಾವಳಿಗೆ ಹತ್ತಿರದ ತಗ್ಗು ಬಯಲಿನಲ್ಲಿ. ಕೃಷ್ಣಗಿರಿ, ವೆಲ್ಲೂರು ದಾಟಿ ಕೆಳಗಿಳಿದಾಗ ಹೊರಗಿನ ವಾತಾವರಣದ ಒತ್ತಡ ಏರುವುದರಿಂದ ಗೇಜು ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಬಿಸಿಲೇರಿದಂತೆ ಪ್ರತಿ ಐದಾರು ಡಿಗ್ರಿಗೆ ಒಂದು ಪಿಎಸ್‌ಐಯಷ್ಟು ಹೆಚ್ಚುತ್ತದೆ. ಅಷ್ಟು ದೂರ ಓಡಿ ಬಿಸಿಯಾದ ಟೈರಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಮುಂಜಾನೆ ಮನೆಯಂಗಳದಲ್ಲಿ ಹೊಂದಿಸಿದ ಅಂಕಿಯನ್ನು ಅಲ್ಲಿ ನಂಬಬೇಡಿ. ಟ್ರ್ಯಾಕು ಸೇರಿದ ಮೇಲೆ ಕಾರನ್ನು ನೆರಳಿನಲ್ಲಿ ಒಂದು ಗಂಟೆಯಾದರೂ ನಿಲ್ಲಿಸಿ, ಟೈರು ತಣಿದ ಬಳಿಕ ಹೊಸದಾಗಿ ಅಳೆಯಿರಿ. ಅಲ್ಲಿಂದ ಮುಂದೆ ಪ್ರತಿ ಓಟಕ್ಕೂ ಸರತಿಯಲ್ಲಿ ನಿಂತಿರುವಾಗಲೇ ಅಳೆದರೆ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬಹುದು.

ಎಳೆಯದ ಹಿಂದಿನ ಟೈರುಗಳಿಗೆ ಗಾಳಿ ಹೆಚ್ಚಿರಲಿ. ಪಕ್ಕದ ಗೋಡೆಯ ಮಿತಿಯೊಳಗೆ 38–40ರವರೆಗೆ ಏರಿಸಿದರೆ ಅವು ಹಗುರವಾಗಿ ಉರುಳುತ್ತವೆ. ಓಟಕ್ಕೆ ಮುನ್ನ ಚಕ್ರವನ್ನು ನಿಂತಲ್ಲೇ ತಿರುಗಿಸುವುದಾದರೆ ಅಂಟಿದ ಮಣ್ಣು ಉದುರುವಷ್ಟು, ಎರಡು ಮೂರು ಸೆಕೆಂಡು ಸಾಕು. ರಸ್ತೆ ಟೈರಿನ ರಬ್ಬರು ಅತಿಯಾಗಿ ಕಾದರೆ ಜಿಡ್ಡಾಗಿ ಜಾರುತ್ತದೆ. ನೀರು ಚೆಲ್ಲಿದ ಜಾಗವನ್ನು ತಪ್ಪಿಸಿ ಪಕ್ಕದಿಂದ ಹೋಗಿ, ಏಕೆಂದರೆ ಟೈರಿನ ಹಲ್ಲುಗಳ ಸಂದುಗಳಲ್ಲಿ ಸೇರಿದ ನೀರು ಆರಂಭದ ಗೆರೆಯವರೆಗೂ ಬರುತ್ತದೆ.

ಓಟ ಮುಗಿದ ಮೇಲೆ ಇಳಿಸಿದ ಗಾಳಿಯಲ್ಲೇ ಹೆದ್ದಾರಿಗೆ ಹೊರಡುವುದು ಈ ಇಡೀ ಕೆಲಸದಲ್ಲಿನ ಅತಿ ದೊಡ್ಡ ತಪ್ಪು: ಕಡಿಮೆ ಗಾಳಿಯ ಟೈರು ಗಂಟೆಗಟ್ಟಲೆ ಓಡಿದರೆ ಒಳಗೊಳಗೇ ಕಾದು ಸಿಡಿಯಬಹುದು. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪನ್ನು ಜೊತೆಗೊಯ್ದು, ಗೇಟು ದಾಟುವ ಮುನ್ನವೇ ನಾಲ್ಕೂ ಟೈರುಗಳನ್ನು ಬಾಗಿಲ ಚೀಟಿಯ ಅಂಕಿಗೆ ತನ್ನಿ. ಆಮೇಲೆ ಮುಂದಿನ ಟೈರುಗಳ ಒಳಬದಿಯ ಗೋಡೆಗೆ ಕೈಯಾಡಿಸಿ ನೋಡಿ. ಎಲ್ಲಿಯಾದರೂ ಉಬ್ಬು ಕೈಗೆ ತಗುಲಿದರೆ, ಸ್ಟೆಪ್ನಿ ಹಾಕಿಕೊಂಡೇ ಊರಿಗೆ ಹೊರಡಿ.